ಕುಟುಂಬ ವೈದ್ಯನೂ ಶಾಲೆಯ ಕ್ರೀಡಾಂಗಣವೂ

ಚಿಕ್ಕಬಳ್ಳಾಪುರಕ್ಕೆ ಸಮೀಪದ ಮುದ್ದೇನಹಳ್ಳಿಯನ್ನು ನಾಡಿನ ಜನ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರೆಂದು ಅರಿತಿದ್ದಾರೆ. ಆ ಮಹನೀಯರ ಕಾರ್ಯಗಳಲ್ಲಿ ಕನ್ನಂಬಾಡಿ ಎಲ್ಲರಿಗೂ ಪರಿಚಿತವಾದದ್ದು. ಹೈದರಾಬಾದಿನಲ್ಲಿ ಅವರು ಮಾಡಿದ ಕೆಲಸ ಅಷ್ಟು ಪ್ರಸಿದ್ಧವಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯು ಉಕ್ಕಿ ಹರಿದು ಹೈದರಾಬಾದು ನಗರವನ್ನು ಹಾಳುಗೆಡವಿತು. ಸಾವಿರಾರು ಜನ ಮಡಿದರು. ಮತ್ತೆ ಇಂಥ ವಿಪತ್ತು ಬಾರದಂತೆ ಉಪಾಯವನ್ನು ಸೂಚಿಸಲು ನಿಜಾಮ ಸರ್ಕಾರವು 1909ರಲ್ಲಿ ವಿಶ್ವೇಶ್ವರಯ್ಯನವರನ್ನು ಬರಮಾಡಿಕೊಂಡಿತು. ನಗರದೊಳಗೆ ನದಿಯ ದಂಡೆಗಳನ್ನು ಭದ್ರಪಡಿಸುವುದರಲ್ಲಿಯೇ ಅವರು ತೃಪ್ತರಾಗಲಿಲ್ಲ. ಪ್ರವಾಹದ ನೀರು ನಗರವನ್ನು ಮುಟ್ಟುವ ಮೊದಲೇ, ನದಿಯ ಮೇಲುಭಾಗದಲ್ಲಿ, ಅದನ್ನು ತಡೆದು ನಿಲ್ಲಿಸುವ ಜಲಾಶಯಗಳು ಬೇಕೆಂದು ಅವರು ಸಲಹೆಯಿತ್ತರು. ಅದರ ಫಲವಾಗಿ 1920ರಲ್ಲಿ ಮೂಸಿಗೆ ಉಸ್ಮಾನ್ ಸಾಗರವೂ, 1927ರಲ್ಲಿ ಅದರ ಉಪನದಿಯಾದ ಈಸಿಗೆ ಹಿಮಾಯತ್ ಸಾಗರವೂ ಸಿದ್ಧವಾದುವು.

ಜನರ ಆರೋಗ್ಯದ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುತ್ತದೆ. ದೊಡ್ಡ ಆಸ್ಪತ್ರೆಗಳು ನಗರದೊಳಗಿನ ದಂಡೆಗಳಿದ್ದಂತೆ. ಅವು ಅತ್ಯಗತ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವುಗಳ ಕೆಲಸ ಆರಂಭವಾಗುವುದು ನೀರು ಮನೆಯೊಳಗೆ ನುಗ್ಗಿದ ಮೇಲೆ. ರೋಗವನ್ನು ಅದರ ಮೂಲದಲ್ಲಿಯೇ ತಡೆಯತಕ್ಕ ಸ್ಥಾನದಲ್ಲಿ ಇರುವವರು ಕುಟುಂಬ ವೈದ್ಯರು. ಮನೆಯ ಎಲ್ಲರನ್ನೂ ಹೆಸರು ಹಿಡಿದು ಬಲ್ಲ, ಅಜ್ಜನ ಕೊನೆಯ ಕಾಯಿಲೆಯನ್ನೂ ಮೊಮ್ಮಗುವಿನ ಮೊದಲ ಜ್ವರವನ್ನೂ ಕಂಡ ಈ ವೈದ್ಯರ ವರ್ಗವು ಇಂದು ವಿರಳವಾಗುತ್ತಿದೆ. ಈ ಕೊರತೆಯ ಪರಿಣಾಮವು ಎಲ್ಲಕ್ಕಿಂತ ಹೆಚ್ಚಾಗಿ ತಟ್ಟುವುದು, ಯಾರಿಗೂ ರೋಗದ ಯೋಚನೆಯೇ ಬಾರದ ಸ್ಥಳವಾದ ಶಾಲೆಯ ಆಟದ ಬಯಲಿನಲ್ಲಿ. ಆದುದರಿಂದ ಈ ವಿಷಯವು ವಿದ್ಯಾಸಂಸ್ಥೆಗಳ ವಿಚಾರಕ್ಕೆ ಯೋಗ್ಯವಾದದ್ದು.

ಕುಟುಂಬ ವೈದ್ಯರೆಂದರೆ ಸಣ್ಣ ಕಾಯಿಲೆಗಳಿಗೆ ಔಷಧ ಕೊಟ್ಟು, ದೊಡ್ಡ ಕಾಯಿಲೆಗಳನ್ನು ಬೇರೆಯವರಿಗೆ ಒಪ್ಪಿಸುವವರು ಎಂಬ ಭಾವನೆಯು ಸಾಮಾನ್ಯವಾಗಿದೆ. ಇದು ಅರ್ಧ ಸತ್ಯ. ತಜ್ಞರು ಒಂದು ಅಂಗವನ್ನು ಆಳವಾಗಿ ಬಲ್ಲರು; ಕುಟುಂಬ ವೈದ್ಯರು ಒಂದು ಮನೆಯನ್ನು ಆಳವಾಗಿ ಬಲ್ಲರು. ಕನ್ನಡ ನಾಡಿಗೆ ಇಂಥವರ ಪರಂಪರೆಯೇ ಇದೆ. ‘ಕೊರವಂಜಿ’ ಪತ್ರಿಕೆಯನ್ನು 1942ರಲ್ಲಿ ಆರಂಭಿಸಿ ಜನರನ್ನು ನಗಿಸಿದ ‘ರಾಶಿ’ಯವರು, ಅಂದರೆ ಡಾ. ಎಂ. ಶಿವರಾಂ ಅವರು, ಬೆಂಗಳೂರಿನಲ್ಲಿ ವೃತ್ತಿ ನಡೆಸಿದ ವೈದ್ಯರು. ಮನುಷ್ಯನ ಮನಸ್ಸನ್ನು ಕುರಿತು ಅವರು ಬರೆದ ‘ಮನೋನಂದನ’ ಪ್ರಸಿದ್ಧವಾದ ಗ್ರಂಥ. ಡಾ. ಅನುಪಮಾ ನಿರಂಜನ ಅವರು ಕಾದಂಬರಿಗಳ ಜೊತೆಯಲ್ಲಿಯೇ ‘ತಾಯಿ ಮಗು’ ಮೊದಲಾದ ಪುಸ್ತಕಗಳನ್ನು ಬರೆದು ಆರೋಗ್ಯದ ತಿಳಿವಳಿಕೆಯನ್ನು ಅಡುಗೆಮನೆಯವರೆಗೂ ಒಯ್ದರು. ರೋಗಿಗಿಂತ ಮೊದಲು ಮನುಷ್ಯನನ್ನು, ಮನುಷ್ಯನ ಹಿಂದೆ ಆತನ ಮನೆಯನ್ನು ಕಾಣುವ ದೃಷ್ಟಿಯೇ ಇಂಥ ವೈದ್ಯರ ಬಂಡವಾಳ.

ಈ ದೀರ್ಘ ಪರಿಚಯಕ್ಕೆ ಬೆಲೆಯಿದೆಯೆಂಬುದು ಕೇವಲ ಭಾವನೆಯ ಮಾತಲ್ಲ. ನಾರ್ವೆ ದೇಶದಲ್ಲಿ 2001ರಲ್ಲಿ, ಪ್ರತಿಯೊಬ್ಬ ಪ್ರಜೆಯೂ ಗೊತ್ತಾದ ಒಬ್ಬ ವೈದ್ಯರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿಕೊಳ್ಳುವ ಪದ್ಧತಿಯು ಜಾರಿಗೆ ಬಂದಿತು. ಅಲ್ಲಿನ ಸುಮಾರು 45 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು 2021ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಒಬ್ಬರೇ ವೈದ್ಯರ ಬಳಿ 15 ವರ್ಷಗಳಿಗೂ ಹೆಚ್ಚು ಕಾಲ ಇದ್ದವರಲ್ಲಿ, ಒಂದೇ ವರ್ಷದ ಪರಿಚಯವಿದ್ದವರಿಗಿಂತ, ತುರ್ತಾಗಿ ಆಸ್ಪತ್ರೆಗೆ ಸೇರುವ ಪ್ರಸಂಗಗಳೂ ಮರಣದ ಪ್ರಮಾಣವೂ ಶೇಕಡಾ 25ರಿಂದ 30ರಷ್ಟು ಕಡಿಮೆಯಾಗಿದ್ದುವು. ಹೊಸ ಔಷಧವೊಂದು ಇಷ್ಟು ಫಲ ಕೊಟ್ಟಿದ್ದರೆ ಲೋಕವೆಲ್ಲ ಅದನ್ನು ಕೊಂಡಾಡುತ್ತಿತ್ತು. ಇಲ್ಲಿ ಕಂಡುಬಂದ ಔಷಧವಾದರೋ ಪರಿಚಯವೆಂಬ ಹಳೆಯ ವಸ್ತು.

ಇಂದಿನ ಮುದ್ದೇನಹಳ್ಳಿಯನ್ನು ನೋಡಿದವರು ಇಲ್ಲಿ ವೈದ್ಯರ ಕೊರತೆಯ ಮಾತು ಏಕೆಂದು ಕೇಳಬಹುದು. ಅಲ್ಲಿನ ಸತ್ಯಸಾಯಿ ಗ್ರಾಮದಲ್ಲಿ 2023ರ ಮಾರ್ಚ್ 25ರಂದು ಶ್ರೀ ಮಧುಸೂದನ ಸಾಯಿ ವೈದ್ಯಕೀಯ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯನ್ನು ಪ್ರಧಾನಮಂತ್ರಿಗಳು ಉದ್ಘಾಟಿಸಿದರು. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಒಂದು ತಲೆಮಾರಿನ ಹಿಂದೆ ಬೆಂಗಳೂರಿನ ದಾರಿ ಹಿಡಿಯಬೇಕಾಗಿದ್ದ ರೋಗಿಗೆ ಇದು ದೊಡ್ಡ ಉಪಕಾರ. ಆದರೆ ಆಸ್ಪತ್ರೆಯು ಹತ್ತಿರವಾದ ಮಾತ್ರಕ್ಕೆ ವೈದ್ಯರು ಹತ್ತಿರವಾದಂತಾಗಲಿಲ್ಲ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಇಂದು ನೋಡಿದ ವೈದ್ಯರೇ ಮುಂದಿನ ಸಲವೂ ಸಿಕ್ಕುವರೆಂಬ ನಿಯಮವಿಲ್ಲ. ಚೀಟಿಯಲ್ಲಿ ಹೆಸರು, ವಯಸ್ಸು, ಬೇನೆ ಇರುತ್ತವೆ. ಚಿಕ್ಕಪ್ಪನು ಮೂವತ್ತರ ಪ್ರಾಯದಲ್ಲಿ ಹೊಲದಲ್ಲಿ ಕುಸಿದು ಸತ್ತ ಸಂಗತಿ ಆ ಚೀಟಿಯಲ್ಲಿ ಇರುವುದಿಲ್ಲ.

ಇಂಥ ಪರಿಚಯವಿಲ್ಲದ ಸಮಾಜವು ಭಯಕ್ಕೆ ಬಹುಬೇಗ ತುತ್ತಾಗುತ್ತದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹಠಾತ್ತನೆ ಹೃದಯ ನಿಂತು ತೀರಿಕೊಂಡಾಗ ನಾಡೇ ದುಃಖಿಸಿತು. ಅಂಗಸಾಧನೆಯಲ್ಲಿ ಅಷ್ಟು ನಿಷ್ಠೆಯಿದ್ದ ದೇಹಕ್ಕೆ ಹೀಗಾಯಿತೆಂಬ ದಿಗ್ಭ್ರಮೆಯಿಂದ ಜನ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಬಾಗಿಲಲ್ಲಿ ಸಾಲುಗಟ್ಟಿದರು. 2025ರಲ್ಲಿ ಹಾಸನ ಜಿಲ್ಲೆಯಲ್ಲಿ ಕೆಲವೇ ವಾರಗಳಲ್ಲಿ ಹಲವರು ಹಠಾತ್ತನೆ ಮರಣ ಹೊಂದಿದ ಸುದ್ದಿಗೆ ಬೆಂಗಳೂರು ಮೈಸೂರುಗಳಲ್ಲಿ ಅದೇ ನೂಕುನುಗ್ಗಲು ಮರುಕಳಿಸಿತು. ಸರ್ಕಾರವು ನೇಮಿಸಿದ ತಜ್ಞರ ಸಮಿತಿಯು ಅಸಾಧಾರಣವಾದ ಏರಿಕೆಯೇನೂ ಕಾಣಲಿಲ್ಲವೆಂದು ವರದಿ ಮಾಡಿತು. ಮೃತರಲ್ಲಿ ಹಲವರಿಗೆ ಮಧುಮೇಹ, ರಕ್ತದೊತ್ತಡ, ಧೂಮಪಾನ, ಮದ್ಯಪಾನ, ಮನೆತನದಲ್ಲಿ ಹೃದ್ರೋಗ ಇವುಗಳಲ್ಲಿ ಯಾವುದಾದರೊಂದು ಇತ್ತು. ಈ ಪಟ್ಟಿಯನ್ನು ಗಮನಿಸಬೇಕು. ಇದರಲ್ಲಿ ಒಂದು ಅಂಶವಾದರೂ ದೊಡ್ಡ ಯಂತ್ರದಿಂದ ಮಾತ್ರ ಕಂಡುಹಿಡಿಯತಕ್ಕದ್ದಲ್ಲ. ಎಲ್ಲವೂ ಒಬ್ಬ ಸಾಮಾನ್ಯ ವೈದ್ಯರು ರಕ್ತದೊತ್ತಡದ ಪಟ್ಟಿ, ಸಕ್ಕರೆಯ ಪರೀಕ್ಷೆ, ನಾಲ್ಕು ಪ್ರಶ್ನೆಗಳಿಂದ ಹತ್ತು ವರ್ಷ ಮೊದಲೇ ತಿಳಿಯಬಹುದಾದಂಥವು.

ಪುನೀತರ ಹೆಸರಿನಲ್ಲಿಯೇ ರಾಜ್ಯ ಸರ್ಕಾರವು ಹೃದಯ ಜ್ಯೋತಿ ಯೋಜನೆಯನ್ನು ಕೈಗೊಂಡಿದೆ. ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರ ಇ.ಸಿ.ಜಿ.ಯನ್ನು ಹೃದ್ರೋಗ ತಜ್ಞರಿಗೆ ಕೂಡಲೇ ತಲುಪಿಸಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಡಿಸುವುದು ಅದರ ಉದ್ದೇಶ. ಇದು ಜೀವ ಉಳಿಸುವ ಶ್ಲಾಘ್ಯ ಏರ್ಪಾಡು. ಆದರೆ ಇದು ಎದೆನೋವು ಬಂದ ಮೇಲಿನ ಉಪಾಯ. ಎದೆನೋವು ಬಾರದಂತೆ ನೋಡಿಕೊಳ್ಳುವ ಏರ್ಪಾಡು ಊರಿನಲ್ಲಿ, ಮನೆಯಲ್ಲಿ, ಶಾಲೆಯಲ್ಲಿ ಆಗಬೇಕಾಗಿದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಆಟವು ಹೃದಯಕ್ಕೆ ಶತ್ರುವಲ್ಲ. ಓಟ, ಕಬಡ್ಡಿ, ಖೋಖೋ, ಗರಡಿಯ ಸಾಮು ಇವು ಮಕ್ಕಳ ಎಲುಬನ್ನೂ ಹೃದಯವನ್ನೂ ಮನಸ್ಸನ್ನೂ ಬಲಪಡಿಸುತ್ತವೆ. ಕುಳಿತೇ ಬೆಳೆಯುವ ಮಗುವಿಗೆ ಮುಂದೆ ಒದಗುವ ಅಪಾಯವು ಓಡುವ ಮಗುವಿನ ಅಪಾಯಕ್ಕಿಂತ ಬಹಳ ಹೆಚ್ಚಿನದು. ತರುಣ ಕ್ರೀಡಾಪಟುಗಳಲ್ಲಿ ಹಠಾತ್ ಮರಣವು ಅತಿ ವಿರಳ. ವರ್ಷಕ್ಕೆ 50 ಸಾವಿರದಿಂದ 80 ಸಾವಿರ ಕ್ರೀಡಾಪಟುಗಳಲ್ಲಿ ಒಬ್ಬರಿಗೆ ಅದು ಸಂಭವಿಸುತ್ತದೆಂದು ಅಂದಾಜು. ಆದರೂ ಸಂಭವಿಸಿದಾಗ ಅದು ಒಂದು ಮನೆಯ ದೀಪವನ್ನೇ ನಂದಿಸುತ್ತದೆ. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ಪಿನ ಅಂತಿಮ ಪಂದ್ಯ ನಡೆಯುತ್ತಿದ್ದಾಗ, ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆಯುವ ಕ್ಷಣದಲ್ಲಿ ಎದುರಾಳಿ ಗೋಲ್‌ಕೀಪರನಿಗೆ ಡಿಕ್ಕಿಯಾಗಿ ಕುಸಿದುಬಿದ್ದು ಮತ್ತೆ ಏಳಲಿಲ್ಲ. 2021ರ ಜೂನ್ 12ರಂದು ಯೂರೋಪಿನ ಫುಟ್‌ಬಾಲ್ ಪಂದ್ಯವೊಂದರಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಸಹ ಮೈದಾನದಲ್ಲಿಯೇ ಕುಸಿದರು. ಹೃದಯ ನಿಂತುಹೋಗಿದ್ದರೂ ಕ್ಷಣವೂ ತಡಮಾಡದೆ ಎದೆಯನ್ನು ಒತ್ತಿ ವಿದ್ಯುತ್ ಆಘಾತ ಕೊಟ್ಟುದರಿಂದ ಅವರು ಬದುಕಿ, ಮತ್ತೆ ಆಟಕ್ಕೂ ಮರಳಿದರು. ಸಿದ್ಧತೆಯಿದ್ದ ಬಯಲು ಮನುಷ್ಯನನ್ನು ಹಿಂದಕ್ಕೆ ಕೊಡಬಲ್ಲದೆಂಬುದಕ್ಕೆ ಇದು ನಿದರ್ಶನ.

ಇಂಥ ವಿಪತ್ತಿಗೆ ಕಾರಣವಾಗುವ ದೋಷಗಳಲ್ಲಿ ಕೆಲವು ಮನೆತನದಿಂದ ಬರತಕ್ಕವು. ಹೃದಯದ ಗೋಡೆಯು ಅತಿಯಾಗಿ ದಪ್ಪವಾಗುವ ದೋಷವೊಂದು ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ. ಅನೇಕರು ಅದರ ಅರಿವೇ ಇಲ್ಲದೆ ಬಾಳುತ್ತಾರೆ. ಇದನ್ನು ಮೊದಲೇ ಗುರುತಿಸಲು ಲೋಕದಲ್ಲಿ ಎರಡು ಮಾರ್ಗಗಳಿವೆ. ಇಟಲಿ ದೇಶವು 1982ರಿಂದ ಸ್ಪರ್ಧೆಗಿಳಿಯುವ ಪ್ರತಿಯೊಬ್ಬ ಕ್ರೀಡಾಪಟುವಿಗೂ ಇ.ಸಿ.ಜಿ. ಸಹಿತವಾದ ವೈದ್ಯಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಅಲ್ಲಿನ ವೆನೆಟೊ ಪ್ರಾಂತದಲ್ಲಿ ತರುಣ ಕ್ರೀಡಾಪಟುಗಳ ಹಠಾತ್ ಮರಣದ ಪ್ರಮಾಣವು ವರ್ಷಕ್ಕೆ ಲಕ್ಷಕ್ಕೆ 3.6ರಿಂದ, ಎರಡು ದಶಕಗಳ ತರುವಾಯ, 0.4ಕ್ಕೆ ಇಳಿಯಿತು. ಅಮೆರಿಕದ ಹೃದ್ರೋಗ ಸಂಘವಾದರೋ ಎಲ್ಲರಿಗೂ ಇ.ಸಿ.ಜಿ. ಬೇಕೆನ್ನದೆ, 14 ಅಂಶಗಳ ವಿಚಾರಣೆ ಮತ್ತು ದೇಹಪರೀಕ್ಷೆಯನ್ನು ವಿಧಿಸಿತು. ಇ.ಸಿ.ಜಿ.ಯ ಗೀಟುಗಳನ್ನು ತಪ್ಪಾಗಿ ಓದಿದರೆ ಆರೋಗ್ಯವಂತನಾದ ಹುಡುಗನೂ ಹೃದ್ರೋಗಿಯೆನಿಸಿಕೊಂಡು ಆಟದಿಂದ ವಂಚಿತನಾಗಬಹುದು ಎಂಬುದು ಈ ಎರಡನೆಯ ಪಕ್ಷದವರ ಆಕ್ಷೇಪ.

ಹಳ್ಳಿಯ ಶಾಲೆಗಳಿಗೆ ಸದ್ಯಕ್ಕೆ ಎರಡನೆಯ ಮಾರ್ಗವೇ ಸಾಧ್ಯವಾದದ್ದು, ಮತ್ತು ಅದರ ಜೀವಾಳವೇ ಕುಟುಂಬ ವೈದ್ಯರು. ಓಡುವಾಗ ಎಂದಾದರೂ ಕಣ್ಣು ಕತ್ತಲಿಟ್ಟು ಬಿದ್ದದ್ದುಂಟೇ, ಎದೆ ನೋಯುವುದುಂಟೇ, ಜೊತೆಯವರಿಗಿಂತ ಬೇಗನೆ ಏದುಸಿರು ಬರುವುದೇ, ಮನೆತನದಲ್ಲಿ ಐವತ್ತರೊಳಗೆ ಹಠಾತ್ತನೆ ತೀರಿಕೊಂಡವರು ಇದ್ದಾರೆಯೇ ಎಂಬುವು ಆ ಪ್ರಶ್ನೆಗಳಲ್ಲಿ ಮುಖ್ಯವಾದುವು. ತಂಡದಲ್ಲಿ ಸ್ಥಾನ ತಪ್ಪೀತೆಂಬ ಅಂಜಿಕೆಯಿಂದ ಹುಡುಗನು ಎಲ್ಲಕ್ಕೂ ‘ಇಲ್ಲ’ ಎಂದೇ ಉತ್ತರಿಸುವ ಸಂಭವವಿದೆ. ತಂದೆತಾಯಿಗಳಿಗೆ ಚಿಕ್ಕಪ್ಪನ ಮರಣವು ‘ಗಾಳಿ ಸೋಕಿದ್ದು’ ಎಂದು ಮಾತ್ರ ನೆನಪಿರಬಹುದು. ಆ ಮನೆಯನ್ನು ಬಲ್ಲ ವೈದ್ಯರಿಗೆ ಮಾತ್ರ ಸತ್ಯವು ಗೊತ್ತಿರುತ್ತದೆ. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿಯಿರುವ ಈ ಸೀಮೆಯಲ್ಲಿ ಯಾರಿಗೆ ಯಾರು ರಕ್ತಸಂಬಂಧಿ ಎಂಬ ತಿಳಿವಳಿಕೆಯೂ ವೈದ್ಯಕೀಯ ಜ್ಞಾನದ ಒಂದು ಭಾಗವೇ ಆಗಿದೆ.

ಹಠಾತ್ ಮರಣವು ವಿರಳವೆಂದಾಯಿತು. ವಿರಳವಲ್ಲದ ಸಂಗತಿಗಳಲ್ಲಿ ಕುಟುಂಬ ವೈದ್ಯರ ಪಾತ್ರವು ಇನ್ನೂ ದೊಡ್ಡದು. ಐದರಿಂದ ಹದಿನೈದು ವರ್ಷದ ಮಗುವಿಗೆ ಬಂದ ಗಂಟಲುನೋವನ್ನು ಅಲಕ್ಷಿಸಿದರೆ, ಕೆಲವು ಮಕ್ಕಳಲ್ಲಿ ಅದು ಕೀಲುಗಳ ಬಾವಿಗೂ, ಆ ಮೂಲಕ ಹೃದಯದ ಕವಾಟಗಳ ಹಾನಿಗೂ ಕಾರಣವಾಗುತ್ತದೆ. ಸಕಾಲದಲ್ಲಿ ಕೊಟ್ಟ ಪೆನ್ಸಿಲಿನ್ ಇದನ್ನು ತಡೆಯಬಲ್ಲದು. ಒಮ್ಮೆ ಈ ಜ್ವರ ಬಂದ ಮಗುವಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ವರ್ಷಗಟ್ಟಲೆ ಚುಚ್ಚುಮದ್ದು ಬೇಕು. ತಪ್ಪಿದ ವಾರವನ್ನು ನೆನಪಿಟ್ಟು ಮನೆಗೆ ಹೇಳಿ ಕಳುಹಿಸುವವರು ಯಾರು? ದೊಡ್ಡ ಆಸ್ಪತ್ರೆಯ ತಜ್ಞರಿಗೆ ಇದು ಅಸಾಧ್ಯ. ಹತ್ತಿರದ ವೈದ್ಯರಿಗೆ ದಿನನಿತ್ಯದ ಕೆಲಸ.

ರಕ್ತಹೀನತೆಯ ಕಥೆಯೂ ಇದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59, ಹುಡುಗರಲ್ಲಿ ಶೇಕಡಾ 31 ಮಂದಿಗೆ ರಕ್ತಹೀನತೆಯಿದೆ. ಓಟದ ಅರ್ಧದಲ್ಲಿ ನಿಂತುಬಿಡುವ ಹುಡುಗಿಯನ್ನು ‘ಸೋಮಾರಿ’ ಎಂದು ಗದರುವ ಮೊದಲು ಆಕೆಯ ಕಣ್ಣಿನ ರೆಪ್ಪೆಯ ಒಳಭಾಗವನ್ನು ನೋಡಬೇಕು. ಶಾಲೆಗಳಲ್ಲಿ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆಯನ್ನೂ, ವರ್ಷಕ್ಕೆರಡು ಸಲ ಜಂತುಹುಳುವಿನ ಮಾತ್ರೆಯನ್ನೂ ಸರ್ಕಾರವೇ ಕೊಡುತ್ತಿದೆ. ಮಾತ್ರೆಯಿಂದ ಹೊಟ್ಟೆ ತೊಳಸುತ್ತದೆಂದು ಮಕ್ಕಳು ಅದನ್ನು ಎಸೆಯುವುದುಂಟು. ಊಟದ ಬಳಿಕ ನುಂಗಬೇಕು, ಅದರೊಡನೆ ಚಹಾ ಕುಡಿಯಬಾರದು, ನಿಂಬೆಯ ಪಾನಕ ಒಳ್ಳೆಯದು ಎಂಬ ಮಾತು ಪರಿಚಿತ ವೈದ್ಯರ ಬಾಯಿಂದ ಬಂದಾಗ ತಾಯಂದಿರು ನಂಬುತ್ತಾರೆ.

ರೋಗಗಳು ನೆಲದ ಗುಣವನ್ನೂ ಹಿಡಿದಿರುತ್ತವೆ. ಈ ಜಿಲ್ಲೆಯ ಅನೇಕ ಕಡೆಗಳಲ್ಲಿ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಮಿತಿಮೀರಿದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 1 ಮಿಲಿಗ್ರಾಂ ದಾಟಬಾರದೆಂದೂ, ಬೇರೆ ನೀರು ಇಲ್ಲದ ಪಕ್ಷದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವಿದೆ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳು ಕಾಣುವುದು ಮೊದಲ ಎಚ್ಚರಿಕೆ. ಹತ್ತಾರು ವರ್ಷ ಅದೇ ನೀರು ಕುಡಿದವರ ಬೆನ್ನೂ ಕೀಲುಗಳೂ ಬಿಗಿದುಕೊಳ್ಳುತ್ತವೆ. ಒಂದೇ ಬೀದಿಯ ಹಲವು ಮಕ್ಕಳ ಹಲ್ಲುಗಳನ್ನು ನೋಡಿದ ವೈದ್ಯರು ಆ ಬೀದಿಯ ಕೊಳವೆಬಾವಿಯ ಮೇಲೆ ಬೆರಳಿಡಬಲ್ಲರು. ಹಾಗೆಯೇ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಮನೆಗಳುಂಟು. ಆ ಹೊಗೆ, ಹಬೆ, ಧೂಳುಗಳ ನಡುವೆ ಮಲಗೆದ್ದು ಬಂದ ಹುಡುಗನಿಗೆ ಬೆಳಗಿನ ಓಟದಲ್ಲಿ ಉಬ್ಬಸ ಕಾಣಿಸಿಕೊಂಡರೆ, ಅದಕ್ಕೆ ಕಾರಣವು ಬಯಲಿನಲ್ಲಿಲ್ಲ, ಮನೆಯಲ್ಲಿರಬಹುದು. ಮನೆಯನ್ನರಿಯದ ವೈದ್ಯರು ಕೆಮ್ಮಿನ ಔಷಧ ಬರೆದು ಕಳುಹಿಸಿಯಾರು. ಮನೆಯನ್ನರಿತವರು ಹುಡುಗನ ಹಾಸಿಗೆಯನ್ನು ಬೇರೆ ಕೋಣೆಗೆ ಹಾಕಿಸಿ, ಸೇದುವ ಔಷಧವನ್ನು ಕೊಟ್ಟು, ಆತನನ್ನು ಓಟದಲ್ಲಿಯೇ ಉಳಿಸಿಯಾರು.

ಬೆಳೆಯುವ ದೇಹಕ್ಕೆ ತನ್ನದೇ ಆದ ನಿಯಮಗಳಿವೆ. ಹನ್ನೆರಡು ಹದಿನಾಲ್ಕು ವಯಸ್ಸಿನಲ್ಲಿ ಮೊಣಕಾಲಿನ ಚಿಪ್ಪಿನ ಕೆಳಗೆ ಬರುವ ನೋವು ಬಹುಮಟ್ಟಿಗೆ ಎಲುಬಿನ ಬೆಳವಣಿಗೆಗೆ ಸಂಬಂಧಿಸಿದ್ದು. ಅದಕ್ಕೆ ಬೇಕಾದದ್ದು ಆಟದ ಹೊರೆಯನ್ನು ಕೆಲಕಾಲ ತಗ್ಗಿಸುವುದೇ ಹೊರತು ನಾಟಿ ಪಟ್ಟು ಹಾಕಿ ಬಿಗಿಯುವುದಲ್ಲ. ಕಬಡ್ಡಿಯಲ್ಲಿ ತಲೆಗೆ ಪೆಟ್ಟು ಬಿದ್ದು ಕ್ಷಣಕಾಲ ಮಂಕಾದ ಆಟಗಾರನನ್ನು ಆ ದಿನ ಮತ್ತೆ ಅಂಕಣಕ್ಕೆ ಇಳಿಸಕೂಡದು. ಹೊಟ್ಟೆಗೆ ಸಾಲದಷ್ಟು ತಿಂದು ಮಿತಿಮೀರಿ ಓಡುವ ಹುಡುಗಿಯರಲ್ಲಿ ಮುಟ್ಟು ನಿಲ್ಲುವುದೂ ಎಲುಬುಗಳು ಬಲಗುಂದುವುದೂ ಉಂಟು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 2014ರಲ್ಲಿ ಇದಕ್ಕೊಂದು ಹೆಸರಿಟ್ಟು, ಹುಡುಗರಿಗೂ ಇದು ತಪ್ಪಿದ್ದಲ್ಲವೆಂದು ಎಚ್ಚರಿಸಿತು. ಈ ಸಂಗತಿಯನ್ನು ಹುಡುಗಿಯು ತರಬೇತುದಾರರಿಗೆ ಹೇಳಲಾರಳು. ಬಾಲ್ಯದಿಂದ ಬಲ್ಲ ಮನೆಯ ವೈದ್ಯರಿಗೆ, ಅದರಲ್ಲಿಯೂ ವೈದ್ಯೆಗೆ, ಹೇಳಿಯಾಳು.

ರಾಜ್ಯ ಮಟ್ಟಕ್ಕೂ ರಾಷ್ಟ್ರ ಮಟ್ಟಕ್ಕೂ ಏರುವ ಕ್ರೀಡಾಪಟುವಿಗೆ ವೈದ್ಯರ ಲೇಖನಿಯೇ ಅಪಾಯವನ್ನು ತರಬಹುದು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ರೊಮೇನಿಯಾದ ಹದಿನಾರು ವರ್ಷದ ಜಿಮ್ನಾಸ್ಟ್ ಆಂಡ್ರಿಯಾ ರಾಡುಕಾನ್ ತನ್ನ ತಂಡದ ವೈದ್ಯರು ನೆಗಡಿಗೆಂದು ಕೊಟ್ಟ ಮಾತ್ರೆಯ ದೆಸೆಯಿಂದ ಚಿನ್ನದ ಪದಕವನ್ನು ಕಳೆದುಕೊಂಡಳು. ಆ ಮಾತ್ರೆಯಲ್ಲಿದ್ದ ಸ್ಯೂಡೋಎಫೆಡ್ರಿನ್ ಇಂದಿಗೂ ಸ್ಪರ್ಧೆಯ ಕಾಲದಲ್ಲಿ ಮಿತಿಮೀರಕೂಡದ ವಸ್ತುವಾಗಿದೆ. ಊತಕ್ಕೆಂದು ಕೊಡುವ ಮೂತ್ರವರ್ಧಕಗಳೂ, ನೋವಿಗೆಂದು ಚುಚ್ಚುವ ಕೆಲವು ಸ್ಟೀರಾಯ್ಡುಗಳೂ ನಿಷಿದ್ಧ ಪಟ್ಟಿಯಲ್ಲಿವೆ. ಭಾರತದಲ್ಲಿ 2022ರಲ್ಲಿ ಉದ್ದೀಪನ ಮದ್ದಿನ ವಿರುದ್ಧ ಕಾಯಿದೆಯೇ ಬಂದಿದೆ. ಅಂಗಡಿಯಲ್ಲಿ ಮಾರುವ ಪುಡಿಗಳನ್ನು ಹಾಲಿಗೆ ಕಲಸಿ ಕುಡಿಯುವ ತರುಣರಿಗೆ ರಾಗಿಮುದ್ದೆ, ಅವರೆಕಾಳು, ಹಾಲು, ಮೊಸರುಗಳ ಬಲವನ್ನು ನೆನಪಿಸಿ, ಆ ಪುಡಿಗಳಲ್ಲಿ ಏನು ಬೆರೆತಿದ್ದೀತೆಂದು ಯಾರೂ ಹೊಣೆ ಹೊರುವುದಿಲ್ಲವೆಂದು ಎಚ್ಚರಿಸುವುದು ಕುಟುಂಬ ವೈದ್ಯರ ಕರ್ತವ್ಯ. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯು ಕ್ರೀಡಾಪಟುವಿಗೂ ಸಲ್ಲುತ್ತದೆ.

ಇಷ್ಟೆಲ್ಲ ಹೊಣೆಯಿರುವ ಸ್ಥಾನವನ್ನು ಸಮಾಜವು ಒಂದು ಸಹಿಯ ಮಟ್ಟಕ್ಕೆ ಇಳಿಸಿಬಿಟ್ಟಿದೆ. ಕ್ರೀಡಾಕೂಟದ ಹಿಂದಿನ ದಿನ ತಂಡದ ಹೆಸರುಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಮಕ್ಕಳನ್ನು ಕರೆತರದೆಯೇ ದೈಹಿಕ ಅರ್ಹತೆಯ ಪ್ರಮಾಣಪತ್ರವನ್ನು ಪಡೆದುಬರುವ ವಾಡಿಕೆ ಅಲ್ಲಲ್ಲಿ ಬೆಳೆದಿದೆ. ಸ್ಟೆತಾಸ್ಕೋಪು ಎದೆಯನ್ನು ಮುಟ್ಟದೆ ಬರೆದ ಪತ್ರವು ಯಾರನ್ನೂ ಕಾಪಾಡಲಾರದು. ಅದು ಕೇವಲ ಹೊಣೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತದೆ. ಪರೀಕ್ಷೆಯ ಉದ್ದೇಶವು ಮಕ್ಕಳನ್ನು ಆಟದಿಂದ ಹೊರಗಿಡುವುದೂ ಅಲ್ಲ. ಸರಿಯಾಗಿ ನಡೆದ ಪರೀಕ್ಷೆಯಲ್ಲಿ ಬಹುಪಾಲು ಮಕ್ಕಳು ಆಡಲು ಯೋಗ್ಯರೆಂದೇ ಹೊರಬರುತ್ತಾರೆ. ಕೆಲವರಿಗೆ ಚಿಕಿತ್ಸೆಯ ಬಳಿಕ ಆಡಬಹುದೆಂಬ ಸಲಹೆ ದೊರೆಯುತ್ತದೆ. ಎಲ್ಲೋ ಒಬ್ಬರನ್ನು ತಜ್ಞರ ಬಳಿಗೆ ಕಳುಹಿಸಬೇಕಾಗುತ್ತದೆ. ಆ ಒಬ್ಬರಿಗಾಗಿ ಉಳಿದವರೆಲ್ಲ ಹತ್ತು ನಿಮಿಷ ಕಾಯುವುದು ಹೆಚ್ಚಲ್ಲ.

ಮಠಗಳ ಆಶ್ರಯದಲ್ಲಿ ನಡೆಯುವ ಶಾಲೆಗಳಿಗೂ ಪ್ರಸಾದ ನಿಲಯಗಳಿಗೂ ಈ ವಿಷಯವು ವಿಶೇಷವಾಗಿ ಅನ್ವಯಿಸುತ್ತದೆ. ದೂರದ ಹಳ್ಳಿಯಿಂದ ಬಂದು ನಿಲಯದಲ್ಲಿ ಉಳಿದ ಬಾಲಕನು ಅನ್ನ, ಅಕ್ಷರ, ಆಶ್ರಯಗಳನ್ನು ಪಡೆಯುತ್ತಾನೆ. ಆದರೆ ತನ್ನ ಮನೆಯ ಆರೋಗ್ಯದ ಚರಿತ್ರೆಯನ್ನು ಊರಿನಲ್ಲಿಯೇ ಬಿಟ್ಟುಬಂದಿರುತ್ತಾನೆ. ಆತನಿಗೆ ಚಿಕ್ಕಂದಿನಲ್ಲಿ ಬಂದ ಕೀಲುಜ್ವರವಾಗಲಿ, ಒಗ್ಗದ ಔಷಧವಾಗಲಿ, ತಂದೆಯ ಮಧುಮೇಹವಾಗಲಿ ನಿಲಯದ ಮೇಲ್ವಿಚಾರಕರಿಗೆ ಗೊತ್ತಿರುವುದಿಲ್ಲ. ಪೋಷಣೆಯ ಭಾರವನ್ನು ಹೊತ್ತ ಸಂಸ್ಥೆಯು ಈ ಚರಿತ್ರೆಯನ್ನೂ ಬರೆಸಿಕೊಳ್ಳುವುದು ಯುಕ್ತ. ಪ್ರವೇಶದ ದಿನ ಜನ್ಮದಿನಾಂಕವನ್ನು ಕೇಳುವಷ್ಟೇ ಸಹಜವಾಗಿ ಮನೆತನದ ಕಾಯಿಲೆಗಳನ್ನೂ ಕೇಳಬಹುದು.

ಕುಟುಂಬ ವೈದ್ಯರು ಬೇಕೆಂದರೆ ಎಲ್ಲಿಂದ ತರುವುದು ಎಂಬ ಆಕ್ಷೇಪವು ನ್ಯಾಯವಾದದ್ದೇ. ವೈದ್ಯಪದವೀಧರರೆಲ್ಲ ತಜ್ಞರಾಗಲು ಹಂಬಲಿಸುತ್ತಾರೆ. ಊರಿನಲ್ಲಿ ನೆಲಸುವವರು ಕಡಿಮೆ. ಇದಕ್ಕೆ ವೈದ್ಯರನ್ನು ಮಾತ್ರ ದೂರಿ ಫಲವಿಲ್ಲ. ಬಂದ ರೋಗವನ್ನು ವಾಸಿಮಾಡಿದವರಿಗೆ ಸಮಾಜವು ಹಣವನ್ನೂ ಮನ್ನಣೆಯನ್ನೂ ಕೊಡುತ್ತದೆ. ಬಾರದಂತೆ ತಡೆದವರಿಗೆ ಏನನ್ನೂ ಕೊಡುವುದಿಲ್ಲ, ಏಕೆಂದರೆ ಬಾರದಿದ್ದ ರೋಗವು ಯಾರ ಕಣ್ಣಿಗೂ ಕಾಣದು. ಹಿಂದೆ ಹಳ್ಳಿಯ ಬಡಗಿ, ಕಮ್ಮಾರ ಮೊದಲಾದ ಆಯಗಾರರಿಗೆ ಸುಗ್ಗಿಯ ಕಾಲದಲ್ಲಿ ಕಣದಲ್ಲಿಯೇ ಆಯವನ್ನು ಅಳೆದುಕೊಡುತ್ತಿದ್ದರು. ನೇಗಿಲು ಎಷ್ಟು ಸಲ ಮುರಿಯಿತೆಂಬ ಲೆಕ್ಕ ಅಲ್ಲಿರಲಿಲ್ಲ. ವರ್ಷವೆಲ್ಲ ಉಳುಮೆ ನಿಲ್ಲದಂತೆ ನೋಡಿಕೊಂಡುದಕ್ಕೆ ಅದು ಪ್ರತಿಫಲ. ಬ್ರಿಟನ್ನಿನಲ್ಲಿ 1948ರಿಂದ ಕುಟುಂಬ ವೈದ್ಯರಿಗೆ, ಪಟ್ಟಿಯಲ್ಲಿರುವ ಜನರ ಸಂಖ್ಯೆಯನ್ನನುಸರಿಸಿ ಹಣ ಸಲ್ಲಿಸುವ ಪದ್ಧತಿಯು ಇದೇ ಜಾತಿಗೆ ಸೇರಿದ್ದು. ಒಂದು ವಿದ್ಯಾಸಂಸ್ಥೆಯು ಹತ್ತಿರದ ವೈದ್ಯರೊಬ್ಬರಿಗೆ ವರ್ಷಕ್ಕಿಷ್ಟೆಂದು ಗೌರವಧನವನ್ನು ನಿಗದಿಮಾಡಿ, ಮಕ್ಕಳು ಆರೋಗ್ಯವಾಗಿರುವುದಕ್ಕೇ ಅದನ್ನು ಸಲ್ಲಿಸುವುದು ಕಷ್ಟವಾದ ಕಾರ್ಯವಲ್ಲ.

ಈಗಾಗಲೇ ಇರುವ ಸೌಕರ್ಯಗಳನ್ನು ಕೂಡಿಸಿಕೊಂಡರೂ ಬಹಳಷ್ಟು ಸಾಧ್ಯ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡವು ಶಾಲೆಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಆ ತಂಡವು ಕಂಡದ್ದನ್ನು ಬರೆದಿಟ್ಟು ಮನೆಯ ವೈದ್ಯರಿಗೆ ತಲುಪಿಸುವವರಿದ್ದರೆ ಅದರ ಶ್ರಮ ಸಾರ್ಥಕವಾಗುತ್ತದೆ. ವೈದ್ಯಕೀಯ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಓದಿನ ವರ್ಷಗಳಲ್ಲಿ ಅವರ ಆರೋಗ್ಯವನ್ನು ಗಮನಿಸತಕ್ಕದ್ದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ವಿಧಿಸಿತು. ವೈದ್ಯಕೀಯ ಕಾಲೇಜನ್ನು ನೆರೆಯಲ್ಲಿಯೇ ಪಡೆದ ಹಳ್ಳಿಗಳಿಗೆ ಇದೊಂದು ಸುಯೋಗ. ವಿದ್ಯಾರ್ಥಿಯು ವೈದ್ಯನಲ್ಲ, ನಿಜ. ಆದರೆ ಮನೆಯ ಚರಿತ್ರೆಯನ್ನು ಕ್ರಮವಾಗಿ ಬರೆದಿಡಲು ಆತನೇ ಸಾಕು. ಹಾಗೆ ಬರೆಯುತ್ತ ಬರೆಯುತ್ತ ಒಬ್ಬಿಬ್ಬರಿಗಾದರೂ ಕುಟುಂಬ ವೈದ್ಯರಾಗಿ ನೆಲಸುವ ಮನಸ್ಸು ಬಂದರೆ ನಾಡಿಗೆ ಲಾಭ.

ಮಾಡಬೇಕಾದದ್ದು ಹೆಚ್ಚಿನದೇನೂ ಅಲ್ಲ. ಪ್ರತಿಯೊಂದು ಮನೆಯೂ ಕೈಗೆಟಕುವ ಒಬ್ಬ ಅರ್ಹ ವೈದ್ಯರನ್ನು ಗೊತ್ತುಮಾಡಿಕೊಳ್ಳಲಿ. ಅವರು ಖಾಸಗಿಯವರಾದರೂ ಸರಿ, ಪ್ರಾಥಮಿಕ ಆರೋಗ್ಯ ಕೇಂದ್ರದವರಾದರೂ ಸರಿ. ಪ್ರತಿಯೊಂದು ಮಗುವಿಗೂ ಒಂದು ಆರೋಗ್ಯ ಪುಸ್ತಕವಿರಲಿ. ಮಗು ಯಾವ ಆಸ್ಪತ್ರೆಗೆ ಹೋದರೂ ಆ ಪುಸ್ತಕವು ಜೊತೆಯಲ್ಲಿ ಹೋಗಲಿ. ಪ್ರತಿ ವರ್ಷ ಜೂನ್ ತಿಂಗಳಲ್ಲಿ, ತಾಲೀಮು ಆರಂಭವಾಗುವ ಮೊದಲೇ, ಪಾಲಕರ ಸಮ್ಮುಖದಲ್ಲಿ ಪರೀಕ್ಷೆ ನಡೆಯಲಿ. ಆಡಬಾರದೆಂದು ವೈದ್ಯರು ಹೇಳಿದ ದಿನ ಪದಕದ ಆಸೆಯಿಂದ ಆ ಮಾತನ್ನು ಮೀರದಿರಲಿ. ದೈಹಿಕ ಶಿಕ್ಷಣದ ಉಪಾಧ್ಯಾಯರೂ ಹಿರಿಯ ವಿದ್ಯಾರ್ಥಿಗಳೂ, ಕುಸಿದು ಉಸಿರು ನಿಂತವರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರಿಗೆ ಕಡಿಮೆಯಿಲ್ಲದ ಆಳಕ್ಕೆ ಒತ್ತುವ ಕ್ರಮವನ್ನು ಕಲಿತಿರಲಿ. 108ರ ವಾಹನವು ಎಷ್ಟೇ ಬೇಗ ಬಂದರೂ ಅದು ಬರುವ ತನಕದ ನಿಮಿಷಗಳು ಬಯಲಿನಲ್ಲಿರುವವರ ಕೈಯಲ್ಲಿವೆ. ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವವು ಶೇಕಡಾ 7ರಿಂದ 10ರಷ್ಟು ಕುಗ್ಗುತ್ತದೆ.

ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಕಾಗಿಲ್ಲ, ದೊಡ್ಡ ಯಂತ್ರವೂ ಬೇಕಾಗಿಲ್ಲ. ಬೇಕಾದದ್ದು ವರ್ಷದಿಂದ ವರ್ಷಕ್ಕೆ ಕಡಿಯದ ಒಂದು ಪರಿಚಯ. ಶಾಲೆಯ ಸಭಾಂಗಣದಲ್ಲಿ ಗೆದ್ದ ಫಲಕಗಳನ್ನು ಸಾಲಾಗಿ ಇಡುವ ಸಂಸ್ಥೆಗಳು, ಅವುಗಳನ್ನು ಗೆದ್ದುತಂದ ಮಕ್ಕಳ ಆರೋಗ್ಯ ಪುಸ್ತಕಗಳನ್ನೂ ಅದೇ ಕಪಾಟಿನಲ್ಲಿ ಜೋಪಾನವಾಗಿ ಇಡಲು ಈ ಜೂನ್ ತಿಂಗಳಿನಿಂದಲೇ ಆರಂಭಿಸಲಿ.